ಸುಮಿತ್ರಮ್ಮನವರ ಪಕ್ಕದ ಸೀಟು

ಜೂನ್ 16, ಭಾನುವಾರ

ಕೋಚಿಂಗ್ ಕ್ಲಾಸಿನ ಸಾಯಿ ಸರ್ ಇವತ್ತು ಎಲ್ಲರಿಗೂ ನೂರು ಪುಟದ ಒಂದೊಂದು ನೋಟ್‌ಬುಕ್ ಹಂಚಿದರು. ಇದಕ್ಕೆ ‘ತಪ್ಪುಗಳ ಪುಸ್ತಕ’ ಅಂತ ಹೆಸರು. ತಪ್ಪು ಮಾಡಿದ ಪ್ರತಿ ಲೆಕ್ಕವನ್ನೂ, ಯಾಕೆ ತಪ್ಪಾಯಿತು ಎಂಬುದನ್ನೂ ತಾರೀಖು ಹಾಕಿ ಇದರಲ್ಲಿ ಬರೆಯಬೇಕಂತೆ. ನಾನು ಮಾಡಿರುವ ತಪ್ಪುಗಳಲ್ಲಿ ಲೆಕ್ಕದವು ಕಡಿಮೆ. ಹಾಗಾಗಿ ಇದನ್ನು ದಿನಚರಿ ಮಾಡಿಕೊಳ್ಳುವುದೆಂದು ತೀರ್ಮಾನಿಸಿದೆ. ಯಾರೂ ಓದುವುದಿಲ್ಲವಾದ್ದರಿಂದ ನಿಜವನ್ನೇ ಬರೆಯಬಹುದು.

ಮೊದಲ ಪುಟದಲ್ಲಿ ಹೆಸರು, ವಯಸ್ಸು, ಗುರಿ ಎಂದು ಮೂರು ಗೆರೆಗಳಿವೆ. ಹೆಸರು: ಶ್ರೀಶ. ವಯಸ್ಸು: ಇಪ್ಪತ್ತಾರು. ಗುರಿ: ಅನಿಲನಿಗಿಂತ ಒಳ್ಳೆಯ ಸಂಸ್ಥೆ. ಅನಿಲ ಊರ್ಮಿಳಾ ಅತ್ತೆಯ ಮಗ. ಹೋದ ವರ್ಷ ಕ್ಯಾಟ್ ಪರೀಕ್ಷೆ ಬರೆದು ಉತ್ತರ ಭಾರತದ ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದಕ್ಕೆ ಸೇರಿಕೊಂಡ. ಅಂದಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ನನ್ನ ಆರೋಗ್ಯ ವಿಚಾರಿಸುತ್ತಾರೆ, ನಾನೇನೋ ಹಾಸಿಗೆ ಹಿಡಿದವನೆಂಬಂತೆ.

ನನಗೆ ಇದು ಮೂರನೆಯ ಸಲ. ಹೋದ ಸಲದ ಪರ್ಸೆಂಟೈಲ್ ಎಂಬತ್ತೊಂದು. ಅಂದರೆ ಬರೆದ ನೂರು ಜನರಲ್ಲಿ ಹತ್ತೊಂಬತ್ತು ಮಂದಿ ನನ್ನ ಮುಂದಿದ್ದರು. ಸರ್ ಕೇಳಿದಾಗ ತೊಂಬತ್ತಾರು ಅಂದೆ. ಮನೆಯಲ್ಲೂ ಆಫೀಸಿನಲ್ಲೂ ಅದನ್ನೇ ಹೇಳಿರುವುದರಿಂದ ಬದಲಿಸಿದರೆ ಗೊಂದಲವಾಗುತ್ತದೆ.

ಕ್ಲಾಸು ಚೆನ್ನೈನ ಅಡ್ಯಾರಿನಲ್ಲಿ ಹಲ್ಲಿನ ಆಸ್ಪತ್ರೆಯೊಂದರ ಮೇಲಿನ ಮಹಡಿಯಲ್ಲಿದೆ. ನನ್ನ ಪಕ್ಕದ ಸೀಟಿನಲ್ಲಿ ಐವತ್ತರ ಹತ್ತಿರದ ಒಬ್ಬ ಹೆಂಗಸು ಕೂತಿದ್ದರು. ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ, ಹತ್ತಿ ಸೀರೆ, ಸ್ಟೀಲಿನ ನೀರಿನ ಬಾಟಲಿ. ಮಗನನ್ನೋ ಮಗಳನ್ನೋ ಸೇರಿಸಲು ಬಂದವರಿರಬೇಕೆಂದುಕೊಂಡು, ಪೋಷಕರು ಹೊರಗೆ ಕಾಯಬೇಕು ಮೇಡಂ ಎಂದು ತಮಿಳಿನಲ್ಲಿ ವಿನಯವಾಗಿಯೇ ಹೇಳಿದೆ. ಅವರು ತಲೆಯಾಡಿಸಿ, ಚೀಲದಿಂದ ಪೆನ್ಸಿಲ್ ತೆಗೆದು ಚೂಪು ಮಾಡತೊಡಗಿದರು.

ಜೂನ್ 23, ಭಾನುವಾರ

ಪಕ್ಕದ ಸೀಟಿನವರ ಹೆಸರು ಸುಮಿತ್ರಮ್ಮ. ನಲವತ್ತೊಂಬತ್ತು ವರ್ಷ. ಸೆಂಟ್ರಲ್ ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕೆಲಸ. ಇವರೂ ಪರೀಕ್ಷೆ ಬರೆಯುತ್ತಾರಂತೆ.

ಇವತ್ತು ಕೋಷ್ಟಕದ ಲೆಕ್ಕ. ಆರು ಊರು, ಆರು ತಂಡ, ಯಾರು ಯಾವ ದಿನ ಎಲ್ಲಿ ಆಡಿದರು ಎಂದು ಕಂಡುಹಿಡಿಯಬೇಕು. ನಾನು ಚೌಕ ಗೀಚುತ್ತಿರುವಾಗಲೇ ಅವರು ಪೆನ್ಸಿಲ್ ಕೆಳಗಿಟ್ಟು ನೀರು ಕುಡಿಯುತ್ತಿದ್ದರು. ಸರ್ ಉತ್ತರ ಕೇಳಿದರು. ನಾಲ್ಕೂ ಸರಿ. ಹೇಗೆ ಮಾಡಿದಿರಿ ಅಂದರೆ, ಚಾರ್ಟ್ ನೋಡಿದರೆ ಖಾಲಿ ಬರ್ತ್ ತಾನಾಗಿ ಕಾಣುತ್ತದೆ ಅಂದರು. ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ.

ಬಿಡುವಿನಲ್ಲಿ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು. “ಏಳೆಂಟ್ಲ ಐವತ್ತಾರು ಅಂತ ತುಟಿಯಾಗೇ ಮಗ್ಗಿ ಹೇಳ್ತಿದ್ದೆಲ್ಲ ತಮ್ಮಾ, ಯಾವೂರು ನಿಮ್ಮದು?”

ಅಪ್ಪನ ಕಡೆಯವರು ಮೈಸೂರು, ನಾನು ಹುಟ್ಟಿದ್ದು ಇಲ್ಲೇ ಅಂದೆ. ಅವರದು ದಾವಣಗೆರೆ ಕಡೆ. ಅವರ ತಂದೆ ರೈಲ್ವೆ ಗಾರ್ಡ್ ಆಗಿ ಅರಕ್ಕೋಣಕ್ಕೆ ಬಂದು, ಅಲ್ಲೇ ತೀರಿಕೊಂಡು, ಅನುಕಂಪದ ಆಧಾರದ ಮೇಲೆ ರೈಲ್ವೆ ಕೆಲಸ ಮಗಳಿಗೆ ಬಂದಿತ್ತು. ಆಗ ಇವರು ಗಣಿತದಲ್ಲಿ ಬಿ.ಎಸ್‌ಸಿ. ಮುಗಿಸಿದ್ದರಂತೆ.

ಮುಂದಿನ ವಾರ ಬೇರೆ ಸೀಟು ನೋಡಿಕೊಳ್ಳಬೇಕು.

ಜುಲೈ 11, ಗುರುವಾರ

ಸೀಟು ಬದಲಾಗಲಿಲ್ಲ. ಬದಲಾಗಿ ಒಂದು ಒಪ್ಪಂದವಾಯಿತು. ಸುಮಿತ್ರಮ್ಮನವರಿಗೆ ಇಂಗ್ಲಿಷ್ ಗದ್ಯ ಓದಿ ಉತ್ತರಿಸುವ ಭಾಗ ಕಷ್ಟ. ಅಲ್ಲಿನ ಲೇಖಕರು ಒಂದು ಮಾತು ಹೇಳಲು ಮೂರು ಸಲ ಪ್ಲಾಟ್‌ಫಾರ್ಮ್ ಬದಲಿಸುತ್ತಾರೆ ಎಂಬುದು ಅವರ ದೂರು. ನನಗೆ ಕೋಷ್ಟಕ ಕಷ್ಟ. ಹಾಗಾಗಿ ಮಂಗಳವಾರ, ಗುರುವಾರ ಸಂಜೆ ಇಬ್ಬರೂ ಪರಸ್ಪರ ಮೇಷ್ಟ್ರಾಗುವುದು. ನನ್ನ ಆಫೀಸು ಮೌಂಟ್ ರೋಡಿನಲ್ಲಿ, ಅವರದು ಸೆಂಟ್ರಲ್‌ನಲ್ಲಿ. ಇಬ್ಬರಿಗೂ ನಡುವೆ ತ್ರಿಪ್ಲಿಕೇನ್. ಅಲ್ಲಿನ ಒಂದು ಮೆಸ್ಸಿನಲ್ಲಿ ಸಂಜೆ ಐದೂವರೆಯಿಂದ ಏಳರವರೆಗೆ ಗಿರಾಕಿಗಳಿರುವುದಿಲ್ಲ. ಎರಡು ಕಾಫಿಗೆ ಒಂದೂವರೆ ಗಂಟೆ ಕೂರಲು ಬಿಡುತ್ತಾರೆ.

ಪರೀಕ್ಷೆ ಯಾಕೆ ಬರೀತಿದ್ದೀರಿ ಅಂತ ಕೇಳಿದೆ. ಮಗಳ ಯಾವುದೋ ಅರ್ಜಿ ತುಂಬುವಾಗ ಪೇಪರಿನಲ್ಲಿ ಇದರ ಜಾಹೀರಾತು ಕಂಡಿತಂತೆ. “ವಯಸ್ಸಿನ ಮಿತಿ ಇಲ್ಲ ಅಂತ ಬರೆದಿದ್ರು. ಹಂಗೆ ಬರೆದಿದ್ದು ನಾನು ಅದೇ ಮೊದಲು ನೋಡಿದ್ದು,” ಅಂದರು. ಇದು ಒಂದು ಕಾರಣವೇ? ನನ್ನದು ಎಷ್ಟೋ ವಾಸಿ.

ಅವರು ನನ್ನ ಹಳೆಯ ಪರ್ಸೆಂಟೈಲ್ ಕೇಳಿದರು. ತೊಂಬತ್ತಾರು ಅಂದೆ. “ಅಷ್ಟು ಬಂದೋನು ಈ ಕೋಷ್ಟಕದಾಗೆ ಯಾಕೆ ಎಡವ್ತೀಯ?” ಅಂತ ಅಚ್ಚರಿಪಟ್ಟರು. ಕಣ್ಣಿನ ಪವರ್ ಬದಲಾಗಿದೆ ಅಂದೆ.

ಆಗಸ್ಟ್ 4, ಭಾನುವಾರ

ಮಾದರಿ ಪರೀಕ್ಷೆ. ನಾನು 79. ಸುಮಿತ್ರಮ್ಮ 88.

ಆಗಸ್ಟ್ 5, ಸೋಮವಾರ

ನಿನ್ನೆ ಬರೆಯಲು ಮನಸ್ಸಿರಲಿಲ್ಲ. ಮನೆಗೆ ಬಂದಾಗ ಅಮ್ಮ ಎಷ್ಟು ಬಂತು ಅಂತ ಕೇಳಿದಳು. ಎಂಬತ್ತೆಂಟು ಅಂದೆ. ಆ ಕ್ಷಣಕ್ಕೆ ನೆನಪಿಗೆ ಬಂದ ಸಂಖ್ಯೆ ಅದೇ.

ಆಫೀಸಿನಲ್ಲಿ ಇವತ್ತು ನಲವತ್ತೊಂದು ಫೈಲ್ ವಿಲೇವಾರಿ ಮಾಡಿದೆ. ವಿಮಾ ಕಂಪನಿಯ ಕ್ಲೇಮ್ ವಿಭಾಗದ ಒಂದು ಅನುಕೂಲವೆಂದರೆ ಯೋಚನೆ ಮಾಡಬೇಕಾಗಿಲ್ಲ. ಮರಣ ಪ್ರಮಾಣಪತ್ರ ಇದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ಕೌಂಟರಿನಲ್ಲಿ ಜನ ಗಲಾಟೆ ಮಾಡುತ್ತಿದ್ದರು. ಕಿವಿಗೆ ಹತ್ತಿ ಇಟ್ಟುಕೊಂಡು ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡಿದೆ.

ಸೆಪ್ಟೆಂಬರ್ 10, ಮಂಗಳವಾರ

ಅರ್ಜಿ ತುಂಬಿದೆವು. ಮೆಸ್ಸಿನ ಮೇಜಿನ ಮೇಲೆ ಸುಮಿತ್ರಮ್ಮನವರ ಅಂಕಪಟ್ಟಿಗಳನ್ನು ಹರಡಿಕೊಂಡು, ಕಾಫಿ ಚೆಲ್ಲದಂತೆ ಕಾಯುತ್ತ. ಅವರ ಹಳೆಯ ಇಮೇಲಿನ ಪಾಸ್‌ವರ್ಡ್ ಮರೆತುಹೋಗಿತ್ತು. ನಾನೇ ಅವರ ಹೆಸರಲ್ಲಿ ಹೊಸದೊಂದು ತೆರೆದೆ. ಅದು ನಿನ್ನ ಫೋನಿನಲ್ಲೇ ಇರಲಿ, ನೀನು ದಿನಾ ನೋಡುತ್ತೀಯಲ್ಲ ಅಂದರು.

ಸಂಸ್ಥೆಗಳ ಪಟ್ಟಿಯಲ್ಲಿ ಅವರು ಒಂದನ್ನು ಮಾತ್ರ ಆರಿಸಿದರು, ಕೇಳಂಬಾಕ್ಕಂ ಬಳಿ ಇರುವ ಒಂದು. ಮನೆಯಲ್ಲೇ ಇದ್ದು ಹೋಗಿಬರಬಹುದು ಎಂದು. ನಾನು ಒಂಬತ್ತು ಆರಿಸಿದೆ. ಕೇಳಂಬಾಕ್ಕಂ ನನ್ನ ಪಟ್ಟಿಯಲ್ಲೂ ಇದೆ. ಅಲ್ಲಿಗೆ ಸೇರಿದವನ ಫೋಟೋವನ್ನು ಅತ್ತೆ ಕುಟುಂಬದ ಗ್ರೂಪಿನಲ್ಲಿ ಹಾಕದೆ ಇರಲಾರರು.

ಅಕ್ಟೋಬರ್ 6, ಭಾನುವಾರ

ಸುಮಿತ್ರಮ್ಮನವರ ಮನೆಗೆ ಊಟಕ್ಕೆ ಕರೆದಿದ್ದರು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್. ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೆ ಚೆನ್ನೈನ ರಸ.

ಅವರ ಯಜಮಾನರು ಗಂಗಾಧರಪ್ಪ. ಮಣಲಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ವಿಭಾಗ. ಮಾತು ಬಲು ಕಡಿಮೆ. ಊಟ ಮುಗಿಯುವವರೆಗೆ ನನಗೆ ಹೇಳಿದ್ದು ಎರಡೇ: “ಬಾರಪ್ಪ,” ಆಮೇಲೆ “ಮೊಸರು ಹಾಕ್ಕೋ.” ಹೆಂಡತಿಯ ಓದಿನ ಬಗ್ಗೆ ಏನನ್ನಿಸುತ್ತದೆ ಎಂದು ಮುಖ ನೋಡಿ ತಿಳಿಯುವಂತಿಲ್ಲ.

ಮಗಳು ನಿಖಿತಾ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಅಮ್ಮ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ನನ್ನೆದುರೇ, “ಇದೆಲ್ಲಾಂ ತೇವೈಯಾಮ್ಮಾ?” ಅಂದಳು, ಇದೆಲ್ಲ ಬೇಕಾ ಅಮ್ಮ ಅಂತ. ಅವಳ ಗೆಳತಿಯರೂ ಮುಂದಿನ ವರ್ಷ ಇದೇ ಪರೀಕ್ಷೆ ಬರೆಯುತ್ತಾರಂತೆ. ಅಮ್ಮ ಅವರ ಸಾಲಿನಲ್ಲಿ ಬಂದು ನಿಂತರೆ ನಾಚಿಕೆ. ಸುಮಿತ್ರಮ್ಮ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಆದರೆ ಆಮೇಲೆ ಗದ್ಯ ಓದುವಾಗ ಅವರು ಒಂದೇ ಸಾಲನ್ನು ಮೂರು ಸಲ ಓದಿದರು.

ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗ ನೆನಪಾಯಿತು, ಮೊದಲ ದಿನ ಅವರನ್ನು ಹೊರಗೆ ಕಾಯಿರಿ ಅಂದವನು ನಾನೇ.

ಅಕ್ಟೋಬರ್ 15, ಮಂಗಳವಾರ

ಜೋರು ಮಳೆ. ಆಫೀಸಿಗೆ ರಜೆ. ಮೆಸ್ಸು ಮುಚ್ಚಿದೆ. ಸುಮಿತ್ರಮ್ಮ ಫೋನಿನಲ್ಲೇ ಒಂದು ಕೋಷ್ಟಕ ಹೇಳಿ ಬರೆಸಿದರು. ಹತ್ತು ನಿಮಿಷದಲ್ಲಿ ಬಿಡಿಸಿದೆ. ಖಾಲಿ ಬರ್ತ್ ನನಗೂ ಕಂಡಿತು.

ಅಕ್ಟೋಬರ್ 29, ಮಂಗಳವಾರ

ಇವತ್ತು ಕೌಂಟರಿನವನು ರಜೆ ಹಾಕಿದ್ದರಿಂದ ನನ್ನನ್ನು ಕೂರಿಸಿದರು. ರಾಯಪುರಂನ ಒಬ್ಬ ಮುದುಕಿ, ಮಗ ತೀರಿಹೋಗಿದ್ದಾನೆ, ಪ್ರಮಾಣಪತ್ರದಲ್ಲಿ ಅವನ ಹೆಸರಿನ ಒಂದು ಅಕ್ಷರ ತಪ್ಪಿದೆ. ಇದು ನಾಲ್ಕನೆಯ ಸಲ ಬರುತ್ತಿರುವುದಂತೆ. ಪ್ರತಿ ಸಲವೂ ಎಡಕ್ಕೆ ಹಾಕಿದವನು ನಾನೇ ಇರಬೇಕು. ಏನು ಮಾಡಬೇಕೆಂದು ತಮಿಳಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಇದರಿಂದ ಅರ್ಧ ಗಂಟೆ ಓದು ಕೆಟ್ಟಿತು.

ಸಂಜೆ ಸುಮಿತ್ರಮ್ಮನಿಗೆ ಹೇಳಿದೆ. ಆಕೆಯ ಹೆಸರೇನು ಅಂತ ಕೇಳಿದರು. ನಾನು ಕೇಳಿರಲಿಲ್ಲ.

ನವೆಂಬರ್ 24, ಭಾನುವಾರ

ಪರೀಕ್ಷೆ ಮುಗಿಯಿತು.

ಬೆಳಗಿನ ಪಾಳಿ. ಇಬ್ಬರಿಗೂ ಒಂದೇ ಕೇಂದ್ರ ಬಂದಿತ್ತು. ಬಾಗಿಲಿನಲ್ಲಿ ತಪಾಸಣೆಯ ಹುಡುಗಿ ಸುಮಿತ್ರಮ್ಮನ ಪ್ರವೇಶಪತ್ರ, ಮುಖ, ಮತ್ತೆ ಪ್ರವೇಶಪತ್ರ ನೋಡಿದಳು. ಸುಮಿತ್ರಮ್ಮ ತಾವೇ ಬಳೆ, ಕಾಲುಂಗುರ, ಕೊರಳ ಸರ ಎಲ್ಲ ಮನೆಯಲ್ಲಿ ತೆಗೆದಿಟ್ಟು ಬಂದಿದ್ದರು. ಕೊರಳಿನ ಲಿಂಗದ ಕರಡಿಗೆಯನ್ನು ಮಾತ್ರ ತೆಗೆಯುವುದಿಲ್ಲ ಅಂದರು. ಆ ಹುಡುಗಿ ಮೇಲಿನವರನ್ನು ಕರೆದಳು. ಅವರು ಬಂದು ನೋಡಿ, ಕೈಮುಗಿದು, ಹೋಗಿ ಅಮ್ಮ ಅಂದರು. ನನ್ನ ಜೇಬಿನಿಂದ ಒಂದು ಬಸ್ ಟಿಕೆಟ್ ಹುಡುಕಿ ತೆಗೆದು ಕಸದ ಬುಟ್ಟಿಗೆ ಹಾಕಿದರು.

ಕೋಷ್ಟಕದ ಭಾಗ ಸಲೀಸಾಗಿ ಹೋಯಿತು. ಇಂಗ್ಲಿಷ್ ಪರವಾಗಿಲ್ಲ. ಗಣಿತದಲ್ಲಿ ಕೊನೆಯ ಐದು ನಿಮಿಷ ಕುರುಡು ಗುಂಡು.

ಹೊರಗೆ ಬಂದಾಗ ಸುಮಿತ್ರಮ್ಮ ಗೇಟಿನ ಹೊರಗೆ ಎಳನೀರು ಕುಡಿಯುತ್ತಿದ್ದರು. ಹೇಗಾಯಿತು ಅಂದರೆ, “ಗಾಡಿ ಹೊಂಟೈತಿ. ಇನ್ನ ಓಡಿದ್ರೆ ಏನು ಬಂತು?” ಅಂದು ನನಗೂ ಒಂದು ಎಳನೀರು ಕೊಡಿಸಿದರು.

ಡಿಸೆಂಬರ್ 19, ಗುರುವಾರ

ಸುಮಿತ್ರಮ್ಮ 96.2. ನಾನು 91.7.

ಇದನ್ನು ಬರೆದು ಸುಮಾರು ಹೊತ್ತು ನೋಡುತ್ತ ಕೂತೆ. ನನಗೆ ಇಷ್ಟು ಯಾವತ್ತೂ ಬಂದಿರಲಿಲ್ಲ. ಕುಣಿಯಬೇಕಾಗಿತ್ತು. ಆದರೆ ಹೋದ ಸಲ ತೊಂಬತ್ತಾರು ಅಂದವನು ಈ ಸಲ ತೊಂಬತ್ತೊಂದು ಅಂತ ಹೇಗೆ ಹೇಳಲಿ? ಅಮ್ಮನಿಗೆ ಇನ್ನೂ ಬಂದಿಲ್ಲ ಅಂದಿದ್ದೇನೆ. ಅಪ್ಪ ಪೇಪರಿನಲ್ಲಿ ಓದಿ, ಬಂದಿದೆಯಂತಲ್ಲ ಅಂದರು. ಸರ್ವರ್ ಸಮಸ್ಯೆ ಅಂದೆ.

ಸುಮಿತ್ರಮ್ಮನಿಗೆ ಫೋನಿನಲ್ಲಿ ಅವರ ಸಂಖ್ಯೆ ಓದಿ ಹೇಳಿದ್ದೂ ನಾನೇ. ಆ ಕಡೆ ಯಾವುದೋ ಗಾಡಿ ತಡವಾಗಿದೆ ಎಂಬ ಘೋಷಣೆ ಮಾತ್ರ ಕೇಳುತ್ತಿತ್ತು. ಆಮೇಲೆ, “ನಿನಗೆಷ್ಟು ಬಂತು?” ಅಂದರು. ಹೇಳಿದೆ. ಅವರು ನಿಜವಾಗಿ ಸಂತೋಷಪಟ್ಟರು. ಅದೇ ಕಷ್ಟವಾಯಿತು.

ಜನವರಿ 21, ಮಂಗಳವಾರ

ಕೇಳಂಬಾಕ್ಕಂ ಸಂಸ್ಥೆಯ ಸಂದರ್ಶನದ ಕರೆ ಬಂದಿದೆ. ನನಗಲ್ಲ. ಸುಮಿತ್ರಮ್ಮನವರ ಹೆಸರಿನ ಇಮೇಲಿಗೆ, ನನ್ನ ಫೋನಿಗೆ. ಇಪ್ಪತ್ತನಾಲ್ಕರ ಮಧ್ಯಾಹ್ನ ಹನ್ನೆರಡರೊಳಗೆ ದಿನ ಆರಿಸಿ ಒಪ್ಪಿಗೆ ಕಳಿಸಬೇಕು. ಇಲ್ಲದಿದ್ದರೆ ಕರೆ ರದ್ದು.

ನನ್ನ ಇಮೇಲ್ ಪೆಟ್ಟಿಗೆಯನ್ನು ಹತ್ತು ಸಲ ತೆರೆದು ನೋಡಿದೆ. ಏನೂ ಇಲ್ಲ.

ಸಂಜೆ ಮೆಸ್ಸಿಗೆ ಹೋಗಿದ್ದೆ. ಇನ್ನೂ ಕರೆ ಬಂದಿಲ್ಲವೇನೋ ಅಂದರು ಸುಮಿತ್ರಮ್ಮ. ನಾನು ಕಾಫಿ ತಣ್ಣಗಾಗಿದೆ ಅಂದೆ.

ಜನವರಿ 22, ಬುಧವಾರ

ಏನೂ ವಿಶೇಷವಿಲ್ಲ.

ಜನವರಿ 23, ಗುರುವಾರ

ಇದು ತಪ್ಪುಗಳ ಪುಸ್ತಕ ತಾನೇ. ಬರೆಯುತ್ತೇನೆ.

ಎರಡು ದಿನ ನಾನು ಆ ಇಮೇಲನ್ನು ಅಳಿಸಲೂ ಇಲ್ಲ, ಹೇಳಲೂ ಇಲ್ಲ. ಸುಮ್ಮನೆ ಇದ್ದರೆ ತಾನಾಗಿ ಮುಗಿದುಹೋಗುತ್ತದೆ, ನಾನೇನೂ ಮಾಡಿದಂತಾಗುವುದಿಲ್ಲ ಅಂತ ಒಂದು ಲೆಕ್ಕ ಹಾಕಿಕೊಂಡಿದ್ದೆ. ನಿನ್ನೆ ಮಧ್ಯಾಹ್ನ ರಾಯಪುರಂನ ಮುದುಕಿ ಮತ್ತೆ ಬಂದಿದ್ದಳು, ಸರಿ ಮಾಡಿಸಿದ ಪ್ರಮಾಣಪತ್ರ ಹಿಡಿದುಕೊಂಡು. ನನ್ನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. ಈ ತಂಬಿ ಒಳ್ಳೆಯವನು ಅಂತ ಪಕ್ಕದವರಿಗೆ ಹೇಳಿದಳು. ರಾತ್ರಿ ತಟ್ಟೆಗೆ ಹಾಕಿದ್ದನ್ನು ಹಾಗೇ ಬಿಟ್ಟು ಎದ್ದೆ.

ಇವತ್ತು ಮೆಸ್ಸಿನಲ್ಲಿ ಸುಮಿತ್ರಮ್ಮ ಕೂರುವ ಮೊದಲೇ ಹೇಳಿದೆ. ಕರೆ ಬಂದು ಎರಡು ದಿನವಾಯಿತು, ನಾನು ಮುಚ್ಚಿಟ್ಟಿದ್ದೆ, ನನಗೆ ಬರಲಿಲ್ಲ ಅನ್ನುವ ಹೊಟ್ಟೆಕಿಚ್ಚಿಗೆ. ಹಾಗೇ ಹೋದ ಸಲ ನನಗೆ ಬಂದದ್ದು ತೊಂಬತ್ತಾರಲ್ಲ, ಎಂಬತ್ತೊಂದು ಅಂತಲೂ ಹೇಳಿದೆ. ಅದನ್ನು ಯಾಕೆ ಅಲ್ಲಿ ಸೇರಿಸಿದೆನೋ ಗೊತ್ತಿಲ್ಲ. ಬಾಯಿ ತೆರೆದ ಮೇಲೆ ಎಲ್ಲ ಒಟ್ಟಿಗೆ ಬಂತು.

ಅವರು ಚೀಲವನ್ನು ಮಡಿಲಿನಲ್ಲಿಟ್ಟುಕೊಂಡು ಕೂತರು. ಕಾಫಿ ಬಂತು. ಕಾಫಿ ಮುಗಿಯಿತು. ಮೆಸ್ಸಿನವರು ಲೋಟ ಎತ್ತಿಕೊಂಡು ಹೋದರು.

“ಎರಡು ದಿನ ನಿನಗೆ ನಿದ್ದಿ ಹೆಂಗೆ ಬಂತು?” ಅಂತ ಕೇಳಿದರು.

“ಬರಲಿಲ್ಲ ಅಮ್ಮ.”

“ಸುಳ್ಳಲ್ಲಲ್ಲ?”

“ಅಲ್ಲ.”

“ಹಂಗಾದ್ರೆ ಫೋನ್ ತೆಗಿ. ದಿನ ಆರಿಸಾಣ.”

ಫೆಬ್ರವರಿ ಇಪ್ಪತ್ತೈದು ಆರಿಸಿದೆವು. ಆಮೇಲೆ ಅವರು ತಮ್ಮ ಫೋನು ತೆಗೆದು, ಇಮೇಲನ್ನು ಅದರಲ್ಲಿ ಹಾಕಿಕೊಡು ಅಂದರು. ಹಾಕಿಕೊಟ್ಟೆ. ಪಾಸ್‌ವರ್ಡ್ ಬದಲಿಸುವುದು ಹೇಗೆಂದು ಕೇಳಿದರು. ತೋರಿಸಿದೆ. ಹೊಸದನ್ನು ಹಾಕುವಾಗ ಫೋನನ್ನು ನನ್ನಿಂದ ಸ್ವಲ್ಪ ಆ ಕಡೆ ತಿರುಗಿಸಿಕೊಂಡರು. ಅದನ್ನು ನೋಡಿ ನೋವಾಯಿತು. ಆದರೆ ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಹೊರಡುವಾಗ, “ಮಂಗಳವಾರ ಬರ್ತೀಯಲ್ಲ?” ಅಂದರು.

ಫೆಬ್ರವರಿ 2, ಭಾನುವಾರ

ಮನೆಯಲ್ಲೂ ಹೇಳಿದೆ. ಅಪ್ಪ ಕನ್ನಡಕ ತೆಗೆದು, ಎಂಬತ್ತೊಂದರಿಂದ ತೊಂಬತ್ತೊಂದು ಅಂದರೆ ಒಳ್ಳೆಯ ಏರಿಕೆಯೇ ಅಲ್ಲವೇನೋ, ಇದನ್ನು ಮುಚ್ಚಿಡುವುದೇನಿತ್ತು ಅಂದರು. ಅಮ್ಮ ಒಗ್ಗರಣೆ ಹಾಕುತ್ತಿದ್ದವಳು ಅಲ್ಲಿಂದಲೇ, ಊರ್ಮಿಳಾಗೆ ನಾನೇ ಹೇಳ್ತೀನಿ, ನೀನು ಹೇಳಿದರೆ ಮತ್ತೆ ಏನಾದರೂ ಸೇರಿಸ್ತೀಯ ಅಂದಳು. ಆಮೇಲೆ ಅರ್ಧ ದಿನ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಬೋಂಡಾ ಕೊಟ್ಟಳು.

ಹೈದರಾಬಾದಿನ ಒಂದು ಸಣ್ಣ ಸಂಸ್ಥೆಯಿಂದ ನನಗೆ ಸಂದರ್ಶನದ ಕರೆ ಬಂದಿದೆ. ಮಾರ್ಚಿನಲ್ಲಿ.

ಫೆಬ್ರವರಿ 11, ಮಂಗಳವಾರ

ಮೆಸ್ಸಿನಲ್ಲಿ ಸುಮಿತ್ರಮ್ಮನಿಗೆ ಸಂದರ್ಶನದ ತಾಲೀಮು. ಎಂಬಿಎ ಯಾಕೆ ಎಂಬ ಪ್ರಶ್ನೆಗೆ ನಾನೊಂದು ಭರ್ಜರಿ ಉತ್ತರ ಬರೆದುಕೊಟ್ಟಿದ್ದೆ. ನಾಯಕತ್ವ, ದೂರದೃಷ್ಟಿ, ಎಲ್ಲ ಇತ್ತು. ಅವರು ಅದನ್ನು ಉಪ್ಪು ಹೆಚ್ಚಾದ ಸಾರು ಉಂಡವರ ಹಾಗೆ ಹೇಳಿ ಮುಗಿಸಿದರು.

ಇದು ಬೇಡ, ನಿಜವಾಗಿ ಯಾಕೆ ಅಂತ ಹೇಳಿ ಅಂದೆ.

ಅವರು ಸ್ವಲ್ಪ ಹೊತ್ತು ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದರು. “ನಾನು ಸೇರಿದಾಗ ನನ್ನ ಕಿಟಕಿ ಮುಂದೆ ಇನ್ನೂರು ಜನ ನಿಲ್ತಿದ್ರು. ಈಗ ಮೂವತ್ತು. ಉಳಿದೋರೆಲ್ಲ ಫೋನ್‌ನಾಗೆ ಮಾಡ್ಕೊತಾರೆ. ಕ್ಯೂ ಸಣ್ಣದಾತು, ಕೆಲಸ ಹಗುರ ಆತು ಅಂತ ಎಲ್ಲಾರೂ ಅಂತಾರೆ. ಆದ್ರೆ ಆ ಮೂವತ್ತು ಜನ ಯಾರು ಹೇಳು? ಬಿಹಾರಕ್ಕೆ ಹೋಗೋ ಕೂಲಿ ಹುಡುಗರು, ಕಣ್ಣು ಕಾಣದ ಮುದುಕರು, ಫಾರಂ ಓದಕೆ ಬರದೋರು. ಅವರು ನನ್ನ ಹತ್ರ ಬರೋ ಹೊತ್ತಿಗೆ ಫೋನಿನೋರು ಸೀಟೆಲ್ಲಾ ತಗಂಡಿರ್ತಾರೆ. ದಿನಾ ಇಲ್ಲ, ಇಲ್ಲ ಅಂತ ಹೇಳೋದೇ ನನ್ನ ಕೆಲಸ. ಈ ಕ್ಯೂನ ಬ್ಯಾರೆ ತರ ಮಾಡಬಹುದು ಅಂತ ನನಗೆ ಅನಸ್ತೈತಿ. ಆದ್ರೆ ಹೆಂಗೆ ಅಂತ ಹೇಳಾಕೆ ಬರಂಗಿಲ್ಲ. ನಾನು ಹೇಳಿದ್ರೆ ಕೌಂಟರ್ ಅಮ್ಮ ಗೊಣಗ್ತಾಳೆ ಅಂತಾರೆ. ಅದನ್ನ ಹೇಳೋದು ಕಲೀಬೇಕು.”

ನಾನು ಬರೆದುಕೊಟ್ಟ ಕಾಗದವನ್ನು ಹರಿದು, ಮೆಸ್ಸಿನ ಅಲುಗಾಡುವ ಮೇಜಿನ ಕಾಲಿನ ಕೆಳಗಿಟ್ಟೆ. ಇದನ್ನೇ ಹೇಳಿ, ಇಂಗ್ಲಿಷ್ ನಾನು ನೋಡಿಕೊಳ್ಳುತ್ತೇನೆ ಅಂದೆ.

ಫೆಬ್ರವರಿ 25, ಮಂಗಳವಾರ

ರಜೆ ಹಾಕಿ ಸುಮಿತ್ರಮ್ಮನ ಜೊತೆ ಕೇಳಂಬಾಕ್ಕಂಗೆ ಹೋಗಿದ್ದೆ. ಟ್ಯಾಕ್ಸಿ ಬಂದು ಕ್ವಾರ್ಟರ್ಸಿನ ಮುಂದೆ ನಿಂತಾಗ ಗಂಗಾಧರಪ್ಪನವರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತರು. ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲವಂತೆ. ಸುಮಿತ್ರಮ್ಮ ಅವರ ಬೆನ್ನನ್ನು ನೋಡಿದರು.

ಒಳಗೆ ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ. ನಾವಿಬ್ಬರೂ ಗೇಟಿನ ಬಳಿಯ ಬೇವಿನ ಮರದ ಕೆಳಗಿನ ಕಟ್ಟೆಯಲ್ಲಿ ಕೂತೆವು. ಕೋಟು, ಟೈ ಹಾಕಿದ ಹುಡುಗರು ಬೆವರುತ್ತ ಒಳಗೆ ಹೋಗುತ್ತಿದ್ದರು. ಒಂದು ಗಂಟೆ ಕಳೆಯಿತು. ಗಂಗಾಧರಪ್ಪನವರು ಮೂರು ಸಲ ಗಡಿಯಾರ ನೋಡಿಕೊಂಡರು. ಹೊತ್ತಾಗುತ್ತದೆ ಸರ್, ಅಷ್ಟು ಹೊತ್ತು ಮಾತಾಡಿಸುತ್ತಿದ್ದಾರೆಂದರೆ ಒಳ್ಳೆಯದೇ ಅಂದೆ.

ಅವರು ತಲೆಯಾಡಿಸಿದರು. ಗೇಟಿನ ಕಡೆ ನೋಡುತ್ತಲೇ ಹೇಳಿದರು. “ಮದುವೆಯಾಗಿ ಇಪ್ಪತ್ತೈದು ವರ್ಷ ಆತು ತಮ್ಮಾ. ಶಿಫ್ಟ್ ಮುಗಿಸಿ ನಾನು ಯಾವಾಗ ಬಂದ್ರೂ ಆಕೆ ನನಗೆ ಕಾದಿರ್ತಾಳೆ. ನಾನು ಆಕೆಗೋಸ್ಕರ ಎಲ್ಲೂ ಕಾದಿದ್ದೇ ಇಲ್ಲ. ಇವತ್ತು ಕೂತು ನೋಡೀನಿ. ಭಾಳ ಕಷ್ಟ ಇದು.”

ಇಬ್ಬರಿಗೂ ಒಂದೊಂದು ಮಜ್ಜಿಗೆ ತಂದೆ.

ಸುಮಿತ್ರಮ್ಮ ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಮೂವರು ಕೇಳುವವರಿದ್ದರಂತೆ. ಒಬ್ಬರು, ನಿಮ್ಮ ಸಹಪಾಠಿಗಳು ನಿಮ್ಮ ಮಗಳ ವಯಸ್ಸಿನವರಾಗಿರುತ್ತಾರೆ, ತೊಂದರೆಯಾಗುವುದಿಲ್ಲವೇ ಅಂದರಂತೆ. ಇವರು, ನನಗೆ ಆಗುವುದಿಲ್ಲ, ಅವರಿಗೆ ಆದರೆ ಹೇಳಲಿ, ಮಾತಾಡೋಣ ಅಂದರಂತೆ. ಆಮೇಲೆ ಕ್ಯೂ ವಿಷಯ ಕೇಳಿ, ಒಬ್ಬರು ಕಾಗದ ಕೊಟ್ಟು ಚಿತ್ರ ಬರೆದು ತೋರಿಸಿ ಅಂದಿದ್ದಾರೆ. ಇಪ್ಪತ್ತು ನಿಮಿಷ ಅದರ ಮೇಲೇ ಮಾತಾಯಿತಂತೆ.

ಗಂಗಾಧರಪ್ಪನವರು ಎಲ್ಲ ಕೇಳಿಸಿಕೊಂಡು, “ನೀರು ಕುಡಿ,” ಅಂದು ಬಾಟಲಿಯ ಮುಚ್ಚಳ ತೆಗೆದುಕೊಟ್ಟರು.

ಮಾರ್ಚ್ 14, ಶುಕ್ರವಾರ

ಹೈದರಾಬಾದಿಗೆ ಹೋಗಿಬಂದೆ. ನಿಮ್ಮ ದೌರ್ಬಲ್ಯ ಏನು ಅಂತ ಕೇಳಿದರು. ಒಂದು ವರ್ಷ ಅಂಕಗಳ ಬಗ್ಗೆ ಸುಳ್ಳು ಹೇಳಿಕೊಂಡು ಬಂದದ್ದು ಅಂದೆ. ಇಬ್ಬರು ನಕ್ಕರು, ಒಬ್ಬರು ಏನೋ ಬರೆದುಕೊಂಡರು. ನಿಮ್ಮ ಕೆಲಸದ ಬಗ್ಗೆ ಹೇಳಿ ಅಂದಾಗ ಅಮುದಮ್ಮನ ಬಗ್ಗೆ ಹೇಳಿದೆ. ರಾಯಪುರಂನ ಆ ಮುದುಕಿಯ ಹೆಸರು ಅದು. ಸಮಯ ಮುಗಿಯಿತು ಎಂದು ಅವರೇ ನಿಲ್ಲಿಸಬೇಕಾಯಿತು.

ಏಪ್ರಿಲ್ 17, ಗುರುವಾರ

ಹೈದರಾಬಾದ್: ಇಲ್ಲ.

ಕೇಳಂಬಾಕ್ಕಂ: ಸುಮಿತ್ರಮ್ಮ ವೇಟಿಂಗ್ ಲಿಸ್ಟ್, ಹತ್ತೊಂಬತ್ತನೆಯವರು. ಮುಂದಿನವರು ಬೇರೆಡೆ ಸೀಟು ಸಿಕ್ಕಿ ಬಿಟ್ಟುಹೋದರೆ ಇವರು ಮೇಲೆ ಬರುತ್ತಾರೆ. ನಾನು ಹೋದ ಮೂರು ವರ್ಷಗಳ ಪಟ್ಟಿ ಹುಡುಕಿ ತೆಗೆದೆ. ಒಂದು ವರ್ಷ ಮೂವತ್ತರವರೆಗೆ ಹೋಗಿದೆ, ಒಂದು ವರ್ಷ ಹದಿನೇಳಕ್ಕೇ ನಿಂತಿದೆ. ಪಟ್ಟಿಯನ್ನು ಮತ್ತೆ ಮತ್ತೆ ತಿರುವಿದೆ. ಸುಮಿತ್ರಮ್ಮ ಮಾತ್ರ ಆರಾಮಾಗಿದ್ದರು. ಈ ಋತುವಿನಲ್ಲಿ ಇದು ಕನ್‌ಫರ್ಮ್ ಆಗುವ ನಂಬರು, ಇಪ್ಪತ್ತೆಂಟು ವರ್ಷ ಇದನ್ನೇ ನೋಡಿದ್ದೇನೆ ಅಂದರು. ನನಗೇ ಸಮಾಧಾನ ಹೇಳಿದರು.

ಮೇ 6, ಮಂಗಳವಾರ

ಹದಿಮೂರು.

ಮೇ 15, ಗುರುವಾರ

ಐದು. ಆಫೀಸಿನಲ್ಲಿ ಕೌಂಟರಿನ ಮುಂದೆ ಎರಡು ಬೆಂಚು ಹಾಕಿಸಿದೆ. ನಿಂತೇ ಇರುತ್ತಾರೆ ಪಾಪ. ಮ್ಯಾನೇಜರು, ಇದೆಲ್ಲ ನಿನಗೇಕಯ್ಯ ಅಂದರು. ಬೆಂಚು ಬಂದಿದೆ.

ಮೇ 29, ಗುರುವಾರ

ಮಧ್ಯಾಹ್ನ ನಿಖಿತಾ ಫೋನ್ ಮಾಡಿದಳು. ಅವಳು ನನಗೆ ಫೋನ್ ಮಾಡಿದ್ದು ಇದೇ ಮೊದಲು. ಕನ್ನಡದಲ್ಲಿ ಮಾತಾಡಿದ್ದೂ.

“ಅಣ್ಣಾ, ಅಮ್ಮಾಗೆ ಸೀಟ್ ಬಂದಿಟ್ಟಿದೆ. ಕೌಂಟರ್‌ನಲ್ಲಿ ಇದ್ದಾರೆ, ಫೋನ್ ಎತ್ತಲ್ಲ. ನೀವು ಪಕ್ಕದಲ್ಲಿ ತಾನೇ ಇದ್ದೀರಿ, ಪೋಯಿ ಹೇಳ್ತೀರಾ?”

ಹೋದೆ. ಮೂವತ್ತು ಮಂದಿಯ ಹಿಂದೆ ನಿಂತು ಕ್ಯೂನಲ್ಲೇ ಹೋದೆ. ಮುಂದೆ ನುಗ್ಗಿದ್ದರೆ ಅವರೇ ವಾಪಸು ಕಳಿಸುತ್ತಿದ್ದರು. ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿಗೆ ಬಂದಾಗ ಅವರು ತಲೆ ಎತ್ತದೆ, ಎಲ್ಲಿಗೆ ಅಂತ ತಮಿಳಿನಲ್ಲಿ ಕೇಳಿದರು. ಕೇಳಂಬಾಕ್ಕಂಗೆ ಅಂದೆ. ಅಲ್ಲಿಗೆ ರೈಲಿಲ್ಲ ಅಂದವರು ತಲೆ ಎತ್ತಿ ನನ್ನ ಮುಖ ನೋಡಿದರು. ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು. ಸೆರಗಿನಿಂದ ಒಂದು ಸಲ ಕಣ್ಣೊರೆಸಿಕೊಂಡು, “ಹಿಂದೆ ಜನ ನಿಂತಾರೆ, ಸರಕೋ,” ಅಂದರು.

ಜೂನ್ 23, ಸೋಮವಾರ

ಸುಮಿತ್ರಮ್ಮ ಸ್ವಯಂ ನಿವೃತ್ತಿ ತೆಗೆದುಕೊಂಡು ಕ್ಲಾಸು ಸೇರಿ ಒಂದು ವಾರವಾಯಿತು. ಇವತ್ತು ಸಂಜೆ ಫೋನ್ ಮಾಡಿದ್ದರು. ಅಂಕಿ ಅಂಶದ ಪೇಪರಿನಲ್ಲಿ ತೊಂದರೆಯಿಲ್ಲ, ಅರ್ಧ ಕ್ಲಾಸು ಇವರ ಬಳಿಯೇ ಬಂದು ಕೇಳುತ್ತದೆ. ಗಂಗಾಧರಪ್ಪನವರು ಬೆಳಿಗ್ಗೆ ಅಡಿಗೆಮನೆಗೆ ಬರುತ್ತಿದ್ದಾರೆ, ಉಪ್ಪಿಟ್ಟು ಒಂದು ಬರುತ್ತದೆ, ಅದೇ ನಡೆಯುತ್ತಿದೆ.

ಆಮೇಲೆ ದನಿ ತಗ್ಗಿಸಿ, “ಶ್ರೀಶ, ಕಂಪನಿ ಕಾನೂನು ಅಂತ ಒಂದು ಪೇಪರ್ ಐತಿ. ಒಂದು ಅಕ್ಷರ ತಲೆಗೆ ಹೋಗವಲ್ದು. ನೀನು ಬಿ.ಕಾಂ. ಅಲ್ಲೇನು? ಭಾನುವಾರ ಬಂದು ಹೇಳಿಕೊಡ್ತೀಯ?” ಅಂದರು.

ಬರುತ್ತೇನೆ ಅಂದೆ. ಅವರ ಅರ್ಜಿಯ ಇಮೇಲ್ ಪ್ರಸಂಗದ ನಂತರ ಅವರು ನನ್ನಿಂದ ಏನನ್ನೂ ಕೇಳಿರಲಿಲ್ಲ ಎಂಬುದು ಫೋನ್ ಇಟ್ಟ ಮೇಲೆ ಹೊಳೆಯಿತು.

ಅಟ್ಟದ ಮೇಲಿನ ಪೆಟ್ಟಿಗೆಯಿಂದ ಕಾಲೇಜಿನ ಪುಸ್ತಕ ಇಳಿಸಿದ್ದೇನೆ. ಧೂಳಿಗೆ ಅಮ್ಮ ಬೈಯುತ್ತಿದ್ದಾಳೆ. ಒಂದು ಪುಟವೂ ನೆನಪಿಲ್ಲ. ಭಾನುವಾರದೊಳಗೆ ಮೊದಲ ಮೂರು ಅಧ್ಯಾಯ ನಾನು ಸರಿಯಾಗಿ ಓದಿಕೊಳ್ಳಬೇಕು. ಅವರು ಪ್ರಶ್ನೆ ಕೇಳದೆ ಬಿಡುವವರಲ್ಲ.